ಬೆನ್ನಿಗೊಂದು ಅಂಗೈ

ಮಾರ್ಚ್ 3, ಸೋಮವಾರ

ಇವತ್ತೂ ಅದೇ ಸೈಕಲ್. ತುಳಿಯುತ್ತಲೇ ಇರು, ಎಲ್ಲಿಗೂ ಹೋಗಬೇಡ! ಆಸ್ಪತ್ರೆಯ ಹಾರ್ಟ್ ಫೇಲ್ಯೂರ್ ಸ್ಟಡಿಗೆ ಸೇರಿ ತಿಂಗಳಾಯಿತು. ಟೆಕ್ನಿಷಿಯನ್ ಸಾರಾ ಬೆನ್ನುಮೂಳೆಯ ಮೇಲೆ ಪ್ಯಾಡ್ ಅಂಟಿಸಿದಳು. ಬೆನ್ನುಹುರಿಗೆ ಸಣ್ಣ ಕರೆಂಟ್ ಕೊಟ್ಟರೆ ದಣಿದ ಕಾಲಿನ ಕೂಗು ಮೆದುಳಿಗೆ ಅಷ್ಟಾಗಿ ಕೇಳಿಸುವುದಿಲ್ಲವಂತೆ, ಏದುಸಿರು ಕಡಿಮೆಯಾಗಬಹುದಂತೆ. ಮುಂದಿನ ವಾರದಿಂದ ಕರೆಂಟ್.

ಮಗಳು ನಂದಿತಾಗೆ ಏಪ್ರಿಲ್‌ನಲ್ಲಿ ಡೆಲಿವರಿ. ಜೆರ್ಸಿ ಸಿಟಿಯಲ್ಲಿ ಅವಳ ಮನೆ ನಾಲ್ಕನೇ ಮಹಡಿ, ಎಲಿವೇಟರ್ ಇಲ್ಲ. ಮಗಳ ಬಾಣಂತನ ಮಾಡಲಾಗದವಳು ಯಾವ ಸೀಮೆಯ ತಾಯಿ? ಕೈಲಾಗದವ ಮೈ ಪರಚಿಕೊಂಡ ಎನ್ನುವ ಹಾಗೆ ಯಜಮಾನರ ಮೇಲೆ ರೇಗಿದೆ. ಆಮೇಲೆ ಕೂತು ಅತ್ತುಬಿಟ್ಟೆ.

ಮಾರ್ಚ್ 10

ಕರೆಂಟ್ ಬಿಟ್ಟರು. ಮೊದಲು ಜುಮುಜುಮು. ಆಮೇಲೆ... ಅಂಗೈ. ಯಾರೋ ಬೆನ್ನಿಗೆ ಕೈಯಿಟ್ಟು ಮೆಲ್ಲಗೆ ತಳ್ಳಿದ ಹಾಗೆ. ತಿರುಗಿ ನೋಡಿದೆ. ಯಾರೂ ಇಲ್ಲ. ಸಾರಾ ಎದುರಿಗೇ ಇದ್ದಳು, ಸ್ಕ್ರೀನ್ ನೋಡುತ್ತಾ. ಉಸಿರು ಮಾತ್ರ ಎಷ್ಟು ಹಗುರ! ಖುಷಿಯೋ ಖುಷಿ.

ಹೊರಡುವಾಗ ಬಾಯಿ ಸುಮ್ಮನಿರಬೇಕಲ್ಲ. "ಬರ್ತೀನ್ರೀ... ಮನೆ ಕಡೆ ಬನ್ನಿ ಒಂದ್ಸಲ," ಅಂದೆ. ಯಾರ ಮನೆಯಿಂದ ಹೊರಟರೂ ಹೇಳುವ ಮಾತು. ಅಭ್ಯಾಸ. ನೋಡಿದರೆ ಸಾರಾ ಆಗಲೇ ಹೊರಗೆ ಹೋಗಿದ್ದಳು. ಕೋಣೆಯಲ್ಲಿ ಬರೀ ಸೈಕಲ್. ಅದರ ಪೆಡಲ್ ಇನ್ನೂ ತಿರುಗುತ್ತಿತ್ತು.

ಮಾರ್ಚ್ 12

ಲಾಂಡ್ರಿ ಬುಟ್ಟಿ ಹೊತ್ತು ಮಹಡಿ ಹತ್ತಿದೆ. ಬೆನ್ನಿಗೆ ಪ್ಯಾಡ್ ಇಲ್ಲ. ಅಂಗೈ ಇದೆ.

"ಏನೇ ಶೈಲೂ, ಹುಡುಗಿ ಥರ ಹತ್ಬಿಟ್ಟೆ!" ಯಜಮಾನರು ಕೆಳಗಿನಿಂದ.

"ಯಾರೋ ತಳ್ತಿದಾರೆ ಕಣ್ರೀ."

"ತಳ್ಳಲಿ ಬಿಡೇ, ಮೇಲಕ್ಕೆ ತಾನೇ."

ಸಾರಾಗೆ ಫೋನ್ ಮಾಡಿದೆ. ಕರೆಂಟಿನ ಫೀಲಿಂಗ್ ಸ್ವಲ್ಪ ಹೊತ್ತು ಉಳಿಯಬಹುದು, ಸಂಜೆಯೊಳಗೆ ಹೋಗುತ್ತೆ ಅಂದಳು. ಸೋಮವಾರದಿಂದ ಹೋಗೇ ಇಲ್ಲ, ಇವತ್ತು ಬುಧವಾರ ಎಂದು ನಾನು ಹೇಳಲಿಲ್ಲ.

ಮಾರ್ಚ್ 29

ಅಂಗೈ ಹೋಗಿಲ್ಲ. ಸ್ಟವ್ ಮುಂದೆ ನಿಂತರೆ ತಳ್ಳುತ್ತದೆ. ದೇವರ ಮುಂದೆ ನಿಂತರೂ. ಯಾವಾಗಲೂ ಗರಾಜಿನ ಕಡೆಗೆ, ಕಾರಿನ ಕಡೆಗೆ. ರಾತ್ರಿ ಮಲಗಿದರೆ ಹಾಸಿಗೆಗೂ ಬೆನ್ನಿಗೂ ನಡುವೆ ತಣ್ಣಗೆ ಇರುತ್ತದೆ. ಸಾರಾಗೆ ಹೇಳಿದರೆ ಸ್ಟಡಿಯಿಂದ ತೆಗೆದುಹಾಕಿಯಾರು. ನನಗೆ ನಾಲ್ಕು ಮಹಡಿ ಹತ್ತಬೇಕು. ಭಯವಿದೆ. ಆಸೆ ಅದಕ್ಕಿಂತ ದೊಡ್ಡದು.

ಏಪ್ರಿಲ್ 13, ಭಾನುವಾರ — ಜೆರ್ಸಿ ಸಿಟಿ

ಹತ್ತಿದೆ! ಯಜಮಾನರು ಎರಡನೇ ಮಹಡಿಯಲ್ಲೇ ಚೀಲ ಇಳಿಸಿ ನಿಂತರು. ನಾನು ನಿಲ್ಲಲಿಲ್ಲ. ಬೆನ್ನಿನ ಅಂಗೈ ನಿಲ್ಲಲು ಬಿಡಲಿಲ್ಲ. ಹೊಸ್ತಿಲು ದಾಟಿದೆ, ಬೆನ್ನು ಖಾಲಿ. ಅಲ್ಲೇ ಕಾಲು ಕುಸಿಯಿತು.

"ಅಮ್ಮಾ, ಆರ್ ಯೂ ಓಕೆ? ಯೂ ಮೇಡ್ ಇಟ್!" ನಂದಿತಾ ತಬ್ಬಿಕೊಂಡು ಅತ್ತಳು. ಕುರ್ಚಿಯ ಮೇಲೆ ಕೂರಿಸಿದಳು.

ಈಗ ಅವಳು ಸ್ನಾನಕ್ಕೆ ಹೋಗಿದ್ದಾಳೆ. ಯಜಮಾನರು ಪಾರ್ಕಿಂಗ್ ಹುಡುಕಲು ಕೆಳಗಿಳಿದಿದ್ದಾರೆ. ಏಳಲು ಆಗುತ್ತಿಲ್ಲ, ಸುಮ್ಮನೆ ಬರೆಯುತ್ತಾ ಕೂತಿದ್ದೇನೆ. ಕೋಣೆಯ ಆ ತುದಿಗೆ ತೊಟ್ಟಿಲು. ವಾರ ತುಂಬದ ಕೂಸು. ಅಂಗಾತ ಮಲಗಿಸಿದ್ದಳು.

ಮಗ್ಗುಲಾಯಿತು.

ಹೊರಳುವ ವಯಸ್ಸಲ್ಲ ಅದು. ಪುಟ್ಟ ಅಂಗಿಯ ಬೆನ್ನು ಅಂಗೈಯಗಲ ಒಳಕ್ಕೆ ಒತ್ತಿಕೊಂಡಿದೆ. ಮತ್ತೆ ಹೊರಳಿತು... ಈಗ ಬೋರಲು. ಮುಖ ಹಾಸಿಗೆಯೊಳಗೆ. ಮನೆ ಕಡೆ ಬನ್ನಿ ಅಂದವಳು ನಾನೇ, ಕರೆದುಕೊಂಡು ಬಂದವಳೂ ನಾನೇ, ದೇವರೇ. ನಂದಿತಾ ಎಂದು ಕೂಗಿದೆ. ದನಿ ಏಳುತ್ತಿಲ್ಲ. ಶವರ್ ಸದ್ದು. ನನ್ನ ಉಸಿರು ಹೋದರೆ ಹೋಗಲಿ. ಹತ್ತು ಹೆಜ್ಜೆ, ಅಷ್ಟೇ. ಪೆನ್ನು ಬಿಟ್ಟು ಎದ್ದು —