ಜೋಗುಳಕ್ಕೆ ಡ್ರಮ್ಸು

ಜನವರಿ 9, ಸಂಜೆ 5
ಬೆಳಗಿನಿಂದ ಮಗ್ಗದ ಕಂಡಿಕೆಗೆ ನೂಲು ಸುತ್ತಿದೆ. ರೇಷ್ಮೆ ಮತ್ತೆ ಮತ್ತೆ ಹರಿಯಿತು. ಪಕ್ಕದ ಮನೆ ದಸ್ತಗೀರಬಿಯ ಮಗ ಅಶ್ಫಾಕ ಹುಬ್ಬಳ್ಳಿಯಿಂದ ಬಂದಿದ್ದಾನೆ. ಅವನ ರಾಕ್ ಬ್ಯಾಂಡು ನಮ್ಮ ಕಡೆಯ ಹಳೇ ಪದಗಳ ಆಲ್ಬಮ್ ಮಾಡುತ್ತಿದೆಯಂತೆ. ಮೊಬೈಲಿನಲ್ಲಿ ಒಂದು ಕೇಳಿಸಿದ. ಗಿಟಾರು, ಡ್ರಮ್ಸು... ನಡುವೆ ನನ್ನದೇ ಜೋಗುಳ.
"ಅಂಗಳಕ ಬಂದಾನ ಚಂದ್ರ, ಮಲಗವ್ವ ರಾಜಶ್ರೀ..."
ಎದ್ದು ಒಳಗೆ ಹೋದೆ. ಮಗಳು ನಾಲ್ಕು ವರ್ಷಕ್ಕೇ ಜ್ವರದಲ್ಲಿ ತೀರಿಕೊಂಡ ಮೇಲೆ ಮನೆಯಲ್ಲಿ ಇವರೂ ಆ ಹೆಸರು ಎತ್ತಿಲ್ಲ. ನಾನೂ.

ಜನವರಿ 10
ಅಶ್ಫಾಕ ಮತ್ತೆ ಬಂದ. ದಸ್ತಗೀರಬಿಯೂ. ಅವಳು ಕಲ್ಲಿನ ಪಾಲಿಶ್ ಕೆಲಸಕ್ಕೆ ಹೋಗುತ್ತಿದ್ದಾಗ ಅವನು ನಮ್ಮ ತೊಟ್ಟಿಲಲ್ಲೇ ಮಲಗಿ ಬೆಳೆದವನು. ಮಗಳಿಗೆ ಹಾಡುವಾಗ ಅವನೂ ಕೇಳಿದ ಪದ. ಅದರಲ್ಲಿನ ಹೆಸರೂ ಪದದ್ದೇ ಮಾತು ಅಂದುಕೊಂಡಿದ್ದ.
"ಹುಚ್ಚಪ್ಯಾಲಿ! ಅಲ್ಲಿ ಅವರವರ ಕೂಸಿನ ಹೆಸರ ಹಾಕ್ತಾರ," ಎಂದು ದಸ್ತಗೀರಬಿ ತಲೆಗೆ ಮೊಟಕಿದಳು.
"ನನಗ ಕೂಸ ಎಲ್ಲೈತಿ?"
"ಮೊದ್ಲ ಆ ಜುಟ್ಟ ಕಟಿಂಗ್ ಮಾಡಿಸ್ಗೊ. ಆಮ್ಯಾಲ ಯಾರರ ಹೆಣ್ಣ ಕೊಟ್ಟಾರು."
ಬಹಳ ದಿನದ ಮೇಲೆ ನಗು ಬಂತು. ಅವನು ನಗಲಿಲ್ಲ.
"ಕಾಕು, ನೀ ಹೂಂ ಅಂದ್ರಷ್ಟ ಹೆಸರ ಇಡತೇನಿ."
ಮತ್ತೆ ಕಂಡಿಕೆಗೆ ಕೈ ಹಾಕಿದೆ. ಇಟ್ಟರೆ ಹೇಗೆ ಕೇಳಲಿ? ತೆಗೆದರೆ —

ಜನವರಿ 27
ಅಶ್ಫಾಕನಿಗೆ ಫೋನು ಮಾಡಿದೆ. ಹೆಸರು ತೆಗಿ ಅಂದೆ.

ಮಾರ್ಚ್ 2
ಆಲ್ಬಮ್ ಇಂದು ನಮ್ಮ ಇಳಕಲ್ಲಿನಲ್ಲೇ ಬಿಡುಗಡೆ. ಮೈದಾನ ತುಂಬಿತ್ತು. ದಸ್ತಗೀರಬಿ ಎಳೆದೊಯ್ದಳು. ಕೊನೆಗೆ ಜೋಗುಳ. ಡ್ರಮ್ಸಿಗೆ ಎದೆ ನಡುಗಿತು. "ಮಲಗವ್ವ" ಅಂದವನೇ ಅಶ್ಫಾಕ ಹಾಡು ನಿಲ್ಲಿಸಿದ. ಗಿಟಾರೂ ನಿಂತಿತು. ಹೆಸರಿನ ಜಾಗ ಖಾಲಿ. ಮೈಕು ಜನರ ಕಡೆ ಹಿಡಿದ.
"ನಿಮ್ಮ ನಿಮ್ಮ ಕೂಸಿನ ಹೆಸರ ಹಾಕ್ರಿ!"
ಹಿಂದೆ ಯಾರೋ "ಸವಿತಾ" ಅಂದರು. ಆಮೇಲೆ ಹತ್ತು ಕಡೆಯಿಂದ. ದಸ್ತಗೀರಬಿ ಎದ್ದು ನಿಂತು, "ಮಲಗವ್ವ ಅಶ್ಫಾಕ!" ಎಂದು ಚೀರಿದಳು. ಜನ ಬಿದ್ದು ಬಿದ್ದು ನಕ್ಕರು.
ಮುಂದಿನ ಸಲ ಹಾಡು ನಿಂತಾಗ ನಾನೂ ಅಂದೆ. ರಾಜಶ್ರೀ. ಅದರ ಮುಂದಿನ ಸಲ ಇನ್ನೂ ಗಟ್ಟಿಯಾಗಿ. ಇಡೀ ಮೈದಾನ ಮಕ್ಕಳ ಹೆಸರಿನಿಂದ ಗುಡುಗಿತು. ಅದರೊಳಗೆ ನನ್ನ ಮಗಳೂ ಇದ್ದಳು. ಗಂಟಲು ಕಟ್ಟುವವರೆಗೆ ಕೂಗಿದೆ.

ಮಾರ್ಚ್ 3
"ಕಾಕು, ನಾಳೆ ಬಾದಾಮ್ಯಾಗ ಕಾರ್ಯಕ್ರಮ ಐತಿ. ಜೋಗುಳದ ಮೊದಲನೇ ನುಡಿ ನೀ ಹಾಡ್ತಿ?" ಅಶ್ಫಾಕ ಕೇಳಿದ.
"ನಿನ್ನ ಗದ್ದಲದಾಗ ನನ್ನ ದನಿ ಯಾರಿಗೆ ಕೇಳತೈತಿ?"
"ನಿಂದ ಮುಗಿಯೂತನಕ ಗದ್ದಲ ಇಲ್ಲ."
ಹೂಂ ಅಂದೆ. ಇವರು ಒಳಗಿನಿಂದ, "ರಾಜಶ್ರೀನ ತೊಟ್ಟಲದಾಗ ಹಾಕಿದಾಗ ಉಟ್ಟಿದ್ದೆಲ್ಲಾ, ಆ ಹಸಿರ ಪತ್ತಲಾ ಉಟ್ಗೊಂಡ ಹೋಗು," ಅಂದರು. ಹೆಸರು ಹಿಡಿದೇ ಅಂದರು...
ನಾಳೆ ಏಳು ಗಂಟೆಗೆ ಬಾದಾಮಿ ಬಸ್ಸು.