ಬಿರುಕಿನ ತುದಿಯ ಗೆರೆಗಳು

ಮೇ ೨೮, ಬುಧವಾರ

ಮಳೆಗಾಲಕ್ಕೆ ಮುಂಚೆ ಮನೆ ಸರಿಮಾಡಿಸಲು ಹೊರಟವಳು ನಾನೇ. ಮಕ್ಕಳ ಕೋಣೆಯ ಗೋಡೆಯ ಬಿರುಕಿಗೆ ಪೇಂಟರ್ ಪುಟ್ಟಿ ತುಂಬಿ ಬಣ್ಣ ಬಳಿದ. ನೋಡಿ ಹಿಗ್ಗಿದೆ.

ಸಂಜೆ ಮಾವ ಬಂದವರೇ, "ನನ್ನ ಪೆನ್ಸಿಲ್ ಗೆರೆಗಳು ಎಲ್ಲಿ ಹೋದ್ವಮ್ಮಾ?" ಎಂದರು. ಪ್ರತಿ ಮಳೆಗಾಲಕ್ಕೆ ಮುಂಚೆ ಬಿರುಕಿನ ತುದಿಗೆ ಗೆರೆ ಎಳೆದು ತಾರೀಖು ಬರೆಯುತ್ತಿದ್ದರಂತೆ. ಮಕ್ಕಳ ಗೀಚಾಟವೆಂದು ಉಜ್ಜಿಸಿದ್ದೂ ನಾನೇ.

"ಬಿರುಕು ಬೆಳೀತಿತ್ತಾ ಮಾವ?"

"ನೆನಪಿರೋ ಹಾಗಿದ್ರೆ ಗೋಡೆ ಮೇಲೆ ಯಾಕಮ್ಮಾ ಬರೀತಿದ್ದೆ?"

ಬೆಳೆಯುತ್ತಿದ್ದರೆ ಅಡಿಪಾಯ ನೋಡಿಸಬೇಕು, ಇಲ್ಲದಿದ್ದರೆ ಏನೂ ಬೇಡ. ಯಾವುದೆಂದು ಯಾರನ್ನು ಕೇಳಲಿ? ಹೊಸ ಗೆರೆ ಎಳೆಯೋಣವೆಂದು ಪೆನ್ಸಿಲ್ ಹಿಡಿದು ನಿಂತರೆ ಬಿರುಕೇ ಕಾಣಲಿಲ್ಲ. ಗೋಡೆ ಇಷ್ಟು ಚೆನ್ನಾಗಿ ಕಂಡದ್ದೇ ಇಲ್ಲ, ನನಗೆ ಇಷ್ಟು ಹೆದರಿಕೆಯಾದದ್ದೂ ಇಲ್ಲ.

ಈಗಷ್ಟೇ ಮಕ್ಕಳ ಮಂಚವನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದು ಬಂದೆ. ಒಂದು ಗೇಣು ಸಾಕೋ ಏನೋ...