ಮೂರು ಒಲೆಯ ಮನೆ

ಕಮಲಾಪುರ
೯ ಜೂನ್ ೨೦೨೫

ಚಿರಂಜೀವಿ ಸುನಂದಾ,

ನಿನ್ನ ಅವ್ವ ನಿನ್ನನ್ನು ಎದುರಿಗೆ ಕೂರಿಸಿಕೊಂಡು ತಲೆ ಸವರುತ್ತ ಮಾತಾಡುತ್ತಿದ್ದಾಳೆ ಎಂದು ತಿಳಿದು ಓದು. ನಿಮ್ಮಪ್ಪ ತೀರಿಕೊಂಡು ಎರಡು ತಿಂಗಳ ಮೇಲಾಯಿತು. ನೀನು ಫೋನ್ ಮಾಡಿದಾಗಲೆಲ್ಲ ‘ಹ್ಞೂಂ, ಆರಾಮ ಇದ್ದೀನಿ’ ಎಂದು ಇಟ್ಟುಬಿಟ್ಟೆ. ಬೇಸರ ಮಾಡಿಕೊಳ್ಳಬೇಡ. ಫೋನ್ ನಿಮ್ಮಣ್ಣ ಸುನೀಲಕುಮಾರನದು. ಅದು ನನ್ನ ಕೈಗೆ ಬರುವ ಹೊತ್ತಿಗೆ ಸುತ್ತಲೂ ನಾಲ್ಕು ಜನ ಇರುತ್ತಾರೆ. ಬಸ್ಸಿನ ಕಂಡಕ್ಟರನ ಕೈಯಲ್ಲಿ ನೀನು ಕಳಿಸಿದ ಕನ್ನಡಕ ಕಣ್ಣಿಗೆ ಚಲೋ ಹೊಂದಿದೆ. ಅದು ಬಂದದ್ದರಿಂದಲೇ ಬರೆಯುವ ಧೈರ್ಯ ಬಂತು.

ನೀನು ಅಪ್ಪನ ಮಣ್ಣಿಗೆ ಬರಲಿಲ್ಲವೆಂದು ಇಲ್ಲಿ ಕೆಲವರು ಆಡಿಕೊಂಡರು. ನಿನ್ನ ದೊಡ್ಡವ್ವ ಪುತಳಾಬಾಯಿ ಎಲ್ಲರ ಬಾಯಿ ಮುಚ್ಚಿಸಿದಳು. ‘ಮನಿ ಬಿಟ್ಟು ಹೋದಾಗ ಆಕಿಗಿ ಏನಾಗಿತ್ತು ಅಂತ ಯಾರೂ ಕೇಳಲಿಲ್ಲ. ಈಗ ಯಾಕ ಬರಲಿಲ್ಲ ಅಂತ ಕೇಳ್ತೀರೇನು?’ ಎಂದಳು. ಎಂಬತ್ತು ದಾಟಿದರೂ ಆಕೆಯ ದನಿ ಹಾಗೇ ಇದೆ.

ಈ ಕಾಗದ ತಂದುಕೊಟ್ಟ ಹುಡುಗಿಯ ಹೆಸರು ಭಾಗ್ಯಜ್ಯೋತಿ. ಮೊದಲು ಆಕೆಯನ್ನು ಒಳಗೆ ಕರೆದು ಉಣ್ಣಲಿಕ್ಕೆ ಹಾಕು, ಆಮೇಲೆ ಉಳಿದದ್ದನ್ನು ಓದು. ನಿಮ್ಮಪ್ಪನ ಭಕ್ತ, ನಮ್ಮ ದೌಲಪ್ಪನ ಮೊಮ್ಮಗಳು. ದೌಲಪ್ಪನ ಹೆಸರು ಕಂಡಕೂಡಲೇ ನಿನ್ನ ಮುಖ ಹೇಗಾಗಿರುತ್ತದೆಂದು ನನಗೆ ಗೊತ್ತು. ಸಿಟ್ಟಾಗಬೇಡ. ಆಕೆ ಯಾಕೆ ಬಂದಿದ್ದಾಳೆ ಎಂದು ಹೇಳಬೇಕಾದರೆ ನಿಮ್ಮಪ್ಪನ ಬದುಕನ್ನು ಮೊದಲಿನಿಂದ ಹೇಳಬೇಕು. ನೀನು ಕಂಡದ್ದು ಕಾಲಿಗೆ ಬೀಳಿಸಿಕೊಳ್ಳುವ ಮುದುಕನನ್ನು. ನಾವು ಕಂಡ ಅಮೋಘಪ್ಪ ಬೇರೆ.

ನಮ್ಮ ತುಂಬುಮನೆ ಪಂಥವೆಂದರೆ ಈಗ ಜನ ನಗುತ್ತಾರೆ. ಆದರೆ ಅದು ಹುಟ್ಟಿದ್ದು ಪ್ಲೇಗಿನ ಕಾಲದಲ್ಲಿ. ಗಂಡ ಸತ್ತ ಹೆಣ್ಣುಮಕ್ಕಳು ಮಕ್ಕಳನ್ನು ಕಟ್ಟಿಕೊಂಡು ಊರೂರು ಅಲೆಯುತ್ತಿದ್ದಾಗ ಮೊದಲ ಗುರುಗಳು ಒಂದು ಮಾತು ಹೇಳಿದರಂತೆ. ಉಣ್ಣಲಿಕ್ಕೆ ಇದ್ದವನು ಅಂಥವಳೊಬ್ಬಳನ್ನು ತಾಳಿ ಕಟ್ಟಿಯೇ ಮನೆಗೆ ತರಬೇಕು, ಇಟ್ಟುಕೊಂಡವಳೆಂಬ ಹೆಸರು ಆಕೆಗೆ ಬರಬಾರದು, ಪ್ರತಿಯೊಬ್ಬಳಿಗೂ ಆಕೆಯದೇ ಒಲೆ, ಎಲ್ಲರಿಗೂ ಒಂದೇ ಮಾನ. ಆಮೇಲೆ ಕಾಯ್ದೆ ಬಂತು. ಕಲಬುರಗಿಯ ಗುರುಮನೆಯ ಹಿರಿಯರು ಕೂಡಿ, ಇನ್ನು ಮುಂದೆ ಒಬ್ಬನಿಗೆ ಒಬ್ಬಳೇ ಎಂದು ತೀರ್ಮಾನ ಮಾಡಿದರು. ಅವರದು ತಪ್ಪೆಂದು ನಾನು ಹೇಳುವುದಿಲ್ಲ.

ನಿಮ್ಮಪ್ಪ ಆಗ ಗುರುಮನೆಯಲ್ಲೇ ಬೆಳೆಯುತ್ತಿದ್ದ ಹುರುಪಿನ ಹುಡುಗ. ಪುತಳಾಬಾಯಿ ಅಕ್ಕನ ಜೊತೆ ಮದುವೆಯಾಗಿತ್ತು. ಅವರ ಜೀವದ ಗೆಳೆಯ ಮಾಳಿಂಗ ಬಾವಿ ತೋಡುವಾಗ ಮಣ್ಣು ಕುಸಿದು ಸತ್ತ. ಅವನ ಹೆಂಡತಿ ಭೀಮಬಾಯಿಯನ್ನು ಅತ್ತೆಮನೆಯವರು ಹೊರಗೆ ಹಾಕಿದರು. ತವರಿನಲ್ಲಿ ಯಾರೂ ಇರಲಿಲ್ಲ. ನಿಮ್ಮಪ್ಪ ಅಕ್ಕನನ್ನು ಕೇಳಿದರು, ಅಕ್ಕ ಅತ್ತಳು, ಆಮೇಲೆ ಆಯಿತೆಂದಳು. ನಿನಗೆ ಜಡೆ ಹಾಕುತ್ತಿದ್ದ, ಈಗ ಇಲ್ಲವಾದ ನಡುವಿನವ್ವ ಮನೆಗೆ ಬಂದದ್ದು ಹೀಗೆ.

ಗುರುಮನೆಯವರು ಇವರನ್ನು ಕರೆಸಿ, ಆಕೆಯನ್ನು ಬಿಡು ಎಂದರು. ‘ಬಿಟ್ಟು ಎಲ್ಲಿಗಿ ಕಳಸ್ಲಿ? ಕಾಯ್ದೆ ಬಂತಂತ ಕೊಟ್ಟ ಮಾತು ಹೋಗ್ತದೇನ್ರಿ?’ ಎಂದು ಕೇಳಿದರಂತೆ. ಹಿರಿಯರು ಪಂಥದಿಂದ ಹೊರಗೆ ಹಾಕಿದರು. ಪ್ರಸಾದದ ಸಾಲಿನಿಂದ ಕೈ ಹಿಡಿದು ಎಬ್ಬಿಸಿದರು ಎಂದು ಅಕ್ಕ ಇವತ್ತಿಗೂ ಕಣ್ಣೊರೆಸಿಕೊಳ್ಳುತ್ತಾಳೆ. ಇವರನ್ನು ನಂಬಿದ ಕೆಲವು ಮನೆಯವರು ಜೊತೆಗೆ ಹೊರಟು ಕಮಲಾಪುರಕ್ಕೆ ಬಂದರು. ಕಲ್ಲುಬಿದ್ದ ಹೊಲವನ್ನು ಹಸನು ಮಾಡಿ ಕೆಂಪು ಬಾಳೆ ಹಚ್ಚಿದರು. ಇದ್ದದ್ದನ್ನು ಎಲ್ಲರೂ ಹಂಚಿಕೊಂಡು ಉಣ್ಣುತ್ತಿದ್ದರು.

ನಾನು ಬಂದದ್ದು ಅದಾದ ಕೆಲವು ವರ್ಷಗಳಿಗೆ. ತಾಜಸುಲ್ತಾನಪುರದಲ್ಲಿದ್ದ ನಮ್ಮಪ್ಪ ಇವರ ದೊಡ್ಡ ಭಕ್ತ. ನಾನು ಹತ್ತನೆಯ ಇಯತ್ತೆ ಪಾಸಾಗಿ ಮಾಸ್ತರಿಕೆ ಕಲಿಯುವ ಆಸೆ ಇಟ್ಟುಕೊಂಡಿದ್ದೆ. ನಮ್ಮಪ್ಪನಿಗೆ ಮಗಳನ್ನು ಗುರುವಿಗೆ ಒಪ್ಪಿಸುವ ಆಸೆ. ನಾನು ವಿಧವೆಯಲ್ಲ, ದಿಕ್ಕಿಲ್ಲದವಳೂ ಅಲ್ಲ. ಆದರೂ ನನ್ನದು ಮೂರನೆಯ ಒಲೆಯಾಯಿತು. ನನಗೆ ಹತ್ತೊಂಬತ್ತು, ಅವರು ಮೂವತ್ತೈದು ದಾಟಿದ್ದರು.

ಅಕ್ಕನ ಅಣ್ಣ ಸಿದ್ದಣ್ಣ ಇದನ್ನು ಸಹಿಸಲಿಲ್ಲ. ‘ಒಬ್ಬಾಕಿಗಿ ದಿಕ್ಕಿಲ್ಲ ಅಂತ ತಂದ್ರಿ, ಸುಮ್ಮನಿದ್ದೆ. ಇನ್ನೊಬ್ಬಾಕಿ ಯಾಕ?’ ಎಂದು ಅಂಗಳದಲ್ಲೇ ನಿಂತು ಕೇಳಿದ. ಸಿದ್ದಣ್ಣ ಕೋರ್ಟಿಗೆ ಹೋದ. ವಕೀಲರು ಮನೆಗೇ ಬಂದು ತಿಳಿಹೇಳಿದರು: ‘ಲಗ್ನ ಆಗಿಲ್ಲ, ಇಬ್ಬರೂ ತ್ವಾಟದಾಗ ಕೆಲಸ ಮಾಡೋರು ಅಂತ ಹೇಳ್ರಿ. ಪುರಾವೆ ಏನೂ ಇಲ್ಲ, ಬಿಟ್ಟುಬಿಡ್ತಾರ.’ ನಾನು, ಭೀಮಬಾಯಿ ಇಬ್ಬರೂ ಕೈ ಮುಗಿದು ಹಾಗೇ ಹೇಳಿರಿ ಎಂದೆವು. ನಮಗೆ ಅವರು ಮನೆಯಲ್ಲಿದ್ದರೆ ಸಾಕಿತ್ತು.

ಕೋರ್ಟಿನಲ್ಲಿ ನಾನು ಹಿಂದಿನ ಬೆಂಚಿನ ಮೇಲಿದ್ದೆ. ನ್ಯಾಯಾಧೀಶರು ಕೇಳಿದಾಗ ನಿಮ್ಮಪ್ಪ ತಲೆ ಎತ್ತಿ, ‘ಲಗ್ನ ಆಗೀನ್ರೀ ಸಾಹೇಬ್ರ. ದೇವರ ಮುಂದ ತಾಳಿ ಕಟ್ಟೀನಿ. ಈಗ ಇಲ್ಲ ಅಂದ್ರ ಈ ಇಬ್ಬರು ಹೆಣ್ಣುಮಕ್ಕಳು ನಾಳಿ ಊರಾಗ ಏನಂತ ಅನಸ್ಕೊಂಡು ತಿರಗಬೇಕು?’ ಎಂದರು. ತಾಳಿ ಕಟ್ಟಿದಾಗ ಯಾರಾರು ಇದ್ದರು ಎಂದೂ ತಾವೇ ಹೇಳಿದರು. ವಕೀಲರು ಹಣೆ ಹಿಡಿದುಕೊಂಡು ಕೂತರು. ಎರಡು ವರ್ಷ ಶಿಕ್ಷೆಯಾಯಿತು.

ಆ ಎರಡು ವರ್ಷ ತೋಟ ನಡೆಸಿದವರು ನಾವು ಮೂವರು. ಭೀಮಬಾಯಿ ಬಾಳೆಯ ಕಂದು ಕಿತ್ತು ಹಚ್ಚುತ್ತಿದ್ದಳು, ನಾನು ನೀರು ಬಿಡುತ್ತಿದ್ದೆ, ಅಕ್ಕ ಗೊನೆಗಳನ್ನು ಗಾಡಿಗೆ ಹೇರಿಸಿ ಕಲಬುರಗಿಯ ಸಂತೆಗೆ ಒಯ್ಯುತ್ತಿದ್ದಳು. ಹಾಗೆ ಹೋದಾಗಲೆಲ್ಲ ಜೈಲಿಗೆ ಹೋಗಿ ಬುತ್ತಿ ಕೊಟ್ಟು ಬರುತ್ತಿದ್ದಳು. ಅಣ್ಣನ ಮನೆ ದಾರಿಯಲ್ಲೇ ಇದ್ದರೂ ಒಳಗೆ ಕಾಲಿಡಲಿಲ್ಲ. ಒಂದೇ ಅಂಗಳದ ಮೂರು ಒಲೆಗಳಲ್ಲಿ ಎರಡು ಆರಿಹೋದವು, ಒಂದರಲ್ಲೇ ಮೂವರೂ ರೊಟ್ಟಿ ಬಡಿದೆವು. ನಿಜ ಹೇಳಬೇಕೆಂದರೆ, ನಾವು ಅಕ್ಕತಂಗಿಯರಾದದ್ದು ಆ ಮನುಷ್ಯ ಮನೆಯಲ್ಲಿ ಇಲ್ಲದಿದ್ದಾಗ.

ಜೈಲಿನಿಂದ ಬಂದವರ ಕಾಲಿಗೆ ಜನ ಬೀಳತೊಡಗಿದರು. ಹೆಂಡಂದಿರನ್ನು ಇಲ್ಲ ಅನ್ನಲಾರದೆ ಜೈಲಿಗೆ ಹೋದವರು ಎಂಬ ಹೆಸರು ಬೀದರಿನವರೆಗೂ ಹೋಯಿತು. ಭಕ್ತರು ಹೆಚ್ಚಾದರು. ದಿಕ್ಕಿಲ್ಲದವರಿಗಾಗಿ ಇದ್ದ ನಿಯಮ ಬರಬರುತ್ತ ದೊಡ್ಡಸ್ತಿಕೆಯಾಯಿತು. ಎರಡು ಒಲೆ ಇದ್ದವನು ಮುಂದಿನ ಸಾಲಿನಲ್ಲಿ ಕೂಡಬೇಕು, ಒಂದೇ ಇದ್ದವನು ಹಿಂದೆ. ಭೀಮಬಾಯಿ ಒಮ್ಮೆ ಮುಖಕ್ಕೇ ಹೇಳಿದಳು: ‘ನನ್ನ ಕರಕೊಂಡು ಬಂದಾಗ ನೀವು ಅಂಜಿಕೊಂಡು ಬಂದಿದ್ರಿ. ಈಗ ಇವರು ನಕ್ಕೋತ ಬರಾಕತ್ತಾರ.’ ಅವತ್ತಿನಿಂದ ಅವರು ಹೊಸ ತಾಳಿಗೆ ಅಕ್ಷತೆ ಹಾಕಲು ತಾವು ಹೋಗುವುದನ್ನು ಕಡಿಮೆ ಮಾಡಿದರು. ಆದರೆ ಬೇಡವೆಂದು ಯಾರಿಗೂ ಹೇಳಲಿಲ್ಲ. ಒಂದು ಸಲ ಇದೇ ಸತ್ಯವೆಂದು ಜೈಲಿಗೆ ಹೋದ ಮನುಷ್ಯ, ಅದು ಕೆಟ್ಟಿತು ಎಂದು ಯಾವ ಬಾಯಿಂದ ಹೇಳಬೇಕು?

ಆಮೇಲಿನದು ನಿನಗೆ ಗೊತ್ತು. ನಿನಗೆ ಇಪ್ಪತ್ತಾದಾಗ ದೌಲಪ್ಪ ತನ್ನ ಎರಡನೆಯ ಒಲೆಗೆ ನಿನ್ನನ್ನು ಕೇಳಿದ. ನಿಮ್ಮಪ್ಪ ಹ್ಞೂಂ ಎಂದರು. ನೀನು ಮೂರು ದಿನ ಅನ್ನ ಮುಟ್ಟಲಿಲ್ಲ, ನಾಲ್ಕನೆಯ ದಿನ ಬೆಳಗ್ಗೆ ಬ್ಯಾಗು ಹಿಡಿದು ತೋಟದ ಹಿಂದಿನಿಂದ ಹೋಗಿ ಕಲಬುರಗಿಯ ಬಸ್ಸು ಹತ್ತಿದೆ. ನಿನ್ನ ಗೆಳತಿ ಮೆಹರೀನ್‌ಳ ಮನೆಯವರು ನಿನ್ನನ್ನು ಇಟ್ಟುಕೊಂಡರು, ಓದಿಸಿದರು. ಅವರ ಹೆಸರಿನಲ್ಲಿ ನಾನು ಇವತ್ತಿಗೂ ದೀಪ ಹಚ್ಚುತ್ತೇನೆ.

ನಿನಗೆ ಗೊತ್ತಿಲ್ಲದ್ದು ಒಂದಿದೆ. ನೀನು ಹೋದ ಆ ಬೆಳಗ್ಗೆ ನಿಮ್ಮಪ್ಪ ತೋಟದಲ್ಲೇ ಇದ್ದರು. ನೀರು ತಿರುಗಿಸಲು ಹೋಗಿದ್ದರು. ನೀನು ಬಾಳೆಯ ಸಾಲಿನ ನಡುವೆ ನಿರಿಗೆ ಎತ್ತಿಕೊಂಡು ಓಡುವುದನ್ನು ನೋಡಿದರು. ಒಂದು ಕೂಗು ಹಾಕಿದ್ದರೆ ನೀನು ನಿಲ್ಲುತ್ತಿದ್ದೆ. ಕೂಗಲಿಲ್ಲ. ಮನೆಗೆ ಬಂದು ಕೆಸರುಗಾಲಿನಲ್ಲೇ ಹೊಸ್ತಿಲ ಮೇಲೆ ಕೂತು, ‘ಕಸ್ತೂರಿ, ಕೂಸು ಹೋಯ್ತು. ಹೋಗ್ಲಿ. ಯಾರೂ ಹುಡುಕೂದು ಬ್ಯಾಡ’ ಎಂದರು. ದೌಲಪ್ಪ ಬಂದು ಕಿರುಚಾಡಿದ. ‘ನಾನೇ ಕಳಿಸೀನಿ’ ಎಂದರು ಇವರು. ಅವರ ಬಾಯಲ್ಲಿ ನಾನು ಕೇಳಿದ ಒಂದೇ ಒಂದು ಸುಳ್ಳು ಅದು. ನಿನಗೆ ಹೇಳಬೇಡವೆಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದರು. ಈಗ ಅವರಿಲ್ಲ, ಹೇಳಿದ್ದೇನೆ.

ಇನ್ನು ಭಾಗ್ಯಜ್ಯೋತಿಯ ವಿಷಯ. ನಿಮ್ಮಪ್ಪನ ಗಾದಿಗೆ ಭೀಮಬಾಯಿಯ ಮಗ ಸುನೀಲಕುಮಾರನನ್ನು ಕೂರಿಸಬೇಕೆಂದು ಎಲ್ಲರೂ ಸೇರಿದ್ದರು. ನಿಮ್ಮಣ್ಣ ನಿನಗೆ ಗೊತ್ತಲ್ಲ, ಮೆತ್ತಗಿನವನು; ಹೆಂಡತಿ ಮಕ್ಕಳ ಜೊತೆ ಸುಖವಾಗಿದ್ದಾನೆ. ದೌಲಪ್ಪ ಎದ್ದು, ‘ಗಾದಿ ಮ್ಯಾಲ ಕೂಡಾವಗ ಒಂದೇ ಒಲಿ ಇದ್ರ ಶೋಭಾ ಬರಲ್ಲ. ನನ್ನ ಮೊಮ್ಮಗಳನ್ನ ಕೊಡ್ತೀನಿ’ ಎಂದ. ತಾಯಿಯಿಲ್ಲದ ಹುಡುಗಿ, ಈಗಷ್ಟೇ ಪಿಯುಸಿ ಮುಗಿಸಿದ್ದಾಳೆ. ಸುನೀಲಕುಮಾರ ಅಷ್ಟು ಜನ ಹಿರಿಯರ ಮುಂದೆ ತಲೆ ತಗ್ಗಿಸಿ ಕೂತ.

ನಾನು ಬಾಗಿಲ ಹಿಂದೆ ಇದ್ದವಳು ಹೊರಗೆ ಬಂದೆ. ‘ಹುಡುಗೀನ ಕೇಳಿಯೇನು ದೌಲಪ್ಪಾ?’ ಎಂದೆ.

ಅವನಿಗೆ ನಿಜಕ್ಕೂ ಆಶ್ಚರ್ಯ. ‘ಕೇಳೂದೇನದ ಅವ್ವಾ? ನಿಮ್ಮನ್ನ ಯಾರ ಕೇಳಿದ್ರು? ದೇವರಂಗ ಬಾಳಲಿಲ್ಲೇನು ನೀವು?’

ಅವನು ಕುಚೋದ್ಯಕ್ಕೆ ಅಂದದ್ದಲ್ಲ, ಭಕ್ತಿಯಿಂದಲೇ ಅಂದ. ಆಗ ಅಕ್ಕ ಕೋಲು ಊರಿಕೊಂಡು ಬಂದು ನನ್ನ ಪಕ್ಕ ನಿಂತಳು. ‘ದೌಲಪ್ಪಾ, ದೇವರಂಗ ಬಾಳೀವಿ, ಖರೇ ಅದ. ದೇವರನ್ನ ಯಾರೂ ಏನೂ ಕೇಳಲ್ಲ, ಕೂಡಂದಲ್ಲಿ ಕೂಡಬೇಕು. ನಮ್ಮಂಗ ಇನ್ನೊಂದು ಜೀವ ಬ್ಯಾಡ’ ಎಂದಳು. ದೌಲಪ್ಪ ಕೈ ಮುಗಿದು ಕೂತ, ಆದರೆ ಬಿಡಲಿಲ್ಲ. ಬರುವ ಸೋಮವಾರ ಅಕ್ಷತೆ ಎಂದು ಮನೆಯಲ್ಲಿ ತಯಾರಿ ನಡೆಸಿದ್ದಾನೆ.

ಮಾರನೆಯ ದಿನ ಹುಡುಗಿಯೇ ನನ್ನ ಹತ್ತಿರ ಬಂದಳು. ಒಲೆಯ ಮುಂದೆ ಕೂತು, ‘ಅಮ್ಮಾ, ನನಗ ಕಾಲೇಜಿಗಿ ಹೋಗಬೇಕಾಗ್ಯಾದ. ಸುನೀಲಕಾಕಾ ಚಲೋ ಮನಷ್ಯಾ, ಆದ್ರ ನನಗವರು ಕಾಕಾ’ ಎಂದು ಅತ್ತಳು. ಸುನೀಲಕುಮಾರನನ್ನು ಕರೆದು ನಿನ್ನ ಮನಸ್ಸಿನಲ್ಲೇನಿದೆ ಎಂದು ಕೇಳಿದೆ. ‘ಚಿಕ್ಕವ್ವಾ, ನನಗ ಗಾದಿನೂ ಬ್ಯಾಡ. ನಾನೇ ಆಕೀನ ಗಾಡಿ ಮ್ಯಾಲ ಬಿಟ್ಟು ಬರ್ತೀನಿ’ ಎಂದ. ಎಲ್ಲರೂ ನೋಡಲಿ, ಹಾಡುಹಗಲಲ್ಲೇ ಬಿಟ್ಟು ಬಾ ಎಂದಿದ್ದೇನೆ. ದೌಲಪ್ಪ ಬಂದರೆ ನಾನೂ ಅಕ್ಕನೂ ಬಾಗಿಲಲ್ಲೇ ಇರುತ್ತೇವೆ. ಇಬ್ಬರು ಮುದುಕಿಯರನ್ನು ದಾಟಿಕೊಂಡು ಅವನು ಎಲ್ಲಿಗೂ ಹೋಗುವುದಿಲ್ಲ.

ಶರಣಬಸವೇಶ್ವರ ಗುಡಿಯ ಕಡೆ ಹೆಣ್ಣುಮಕ್ಕಳ ಕಾಲೇಜಿದೆಯಲ್ಲ, ಅಲ್ಲಿ ಆಕೆಯ ಹೆಸರು ಹಚ್ಚಿಸು. ವಸತಿಗೆ ಜಾಗ ಸಿಗುವತನಕ ನಿನ್ನ ಮನೆಯಲ್ಲಿರಲಿ. ಲೆಕ್ಕದಲ್ಲಿ ಚುರುಕು, ರೊಟ್ಟಿ ಬಡಿಯಲು ಬರುವುದಿಲ್ಲ, ಬೈಯಬೇಡ. ಕಲಬುರಗಿಯ ಐವಾನ್-ಎ-ಶಾಹಿಯಲ್ಲಿರುವ ನಿನ್ನ ಮನೆಯನ್ನು ನಾನು ಇನ್ನೂ ನೋಡಿಲ್ಲ. ಈ ಸಲ ಕರೆದರೆ ಬರುತ್ತೇನೆ. ಅಕ್ಕನೂ ಬರುತ್ತಾಳಂತೆ.

ನಿನ್ನ ಗಂಡನಿಗೆ, ಮೊಮ್ಮಗಳಿಗೆ ನನ್ನ ಹರಕೆ. ನೀನು ಉಂಡು ತಣ್ಣಗಿರು, ನೂರು ಮಕ್ಕಳಿಗೆ ಅಕ್ಷರ ಕಲಿಸುವ ಕೈ ಗಟ್ಟಿಯಾಗಿರಲಿ.

ನಿನ್ನ ಅವ್ವ
ಕಸ್ತೂರಿಬಾಯಿ

ತಾ.ಕ.: ಇದನ್ನು ಬರೆಯಬಾರದೆಂದೇ ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದೆ. ನನ್ನ ಲಗ್ನದ ಹಿಂದಿನ ದಿನ ನಿಮ್ಮಪ್ಪ ತಾಜಸುಲ್ತಾನಪುರದ ನಮ್ಮ ಮನೆಗೆ ಬಂದಿಳಿದರು. ಅಂಗಳದಲ್ಲಿ ಹಲಗೆ ಬಾರಿಸುತ್ತಿದ್ದರು. ಕಾಲು ತೊಳೆಯಲು ನೀರು ಕೊಡುವಾಗ ನಾನು ಧೈರ್ಯ ಮಾಡಿ, ‘ನನಗ ಈ ಲಗ್ನ ಬ್ಯಾಡ್ರಿ’ ಎಂದೆ. ಅವರು ಏನೂ ಅನ್ನದೆ ತಂಬಿಗೆ ಇಸಿದುಕೊಂಡು ಹೋದರು. ಹಲಗೆಯ ಸದ್ದಿನಲ್ಲಿ ಕೇಳಿಸಲಿಲ್ಲ ಎಂದುಕೊಂಡೆ. ಕೇಳಿಸಿದ್ದರೆ ಇಂಥ ಮನುಷ್ಯ ತಾಳಿ ಕಟ್ಟುತ್ತಿರಲಿಲ್ಲ ಎಂದು ಐವತ್ತು ವರ್ಷ ನಂಬಿ ಅವರ ಜೊತೆ ಬಾಳಿದೆ, ಪ್ರೀತಿಯಿಂದಲೇ ಬಾಳಿದೆ. ಆಸ್ಪತ್ರೆಯಲ್ಲಿ ಕೊನೆಯ ದಿನಗಳಲ್ಲಿ ಒಂದು ಮಧ್ಯಾಹ್ನ ನನ್ನ ಕೈ ಹಿಡಿದು, ‘ಕಸ್ತೂರಿ, ಅವತ್ತು ನೀ ಬ್ಯಾಡ ಅಂದದ್ದು ನನಗ ಕೇಳಿಸಿತ್ತು. ನಿಮ್ಮಪ್ಪಗ ಮಾತು ಕೊಟ್ಟಿದ್ದೆ’ ಎಂದರು. ಹೋಗಲಿ ಬಿಡಿ ಎಂದೆ. ಅವರಿಗೆ ಹಗುರಾಯಿತು, ಮಗುವಿನ ಹಾಗೆ ಮಲಗಿದರು. ಅವರು ಹೇಳದೆ ಹೋಗಿದ್ದರೆ ಆಗುತ್ತಿತ್ತು, ಸುನಂದಾ.